ತಲೆಗೆ ಭಾರ ಕೊಡಬೇಡ

ಬೆಳಗಿನ ಪ್ರಾರ್ಥನೆಯೂ ಇಲ್ಲೇ, ಮಧ್ಯಾಹ್ನದ ಊಟವೂ ಇಲ್ಲೇ,
ನಡುವಿನ ನಲವತ್ತು ನಿಮಿಷ ನನ್ನದು.
ಗ್ರಿಮ್ಸ್‌ಬಿಯ ಈ ಶಾಲೆಯ ಹಾಲ್‌ನಲ್ಲಿ
ಶುಕ್ರವಾರದ ಕರಿದ ಮೀನಿನ ವಾಸನೆ
ಹತ್ತೂವರೆಗೇ ಅಡುಗೆಮನೆಯ ಶಟರ್ ಸಂದಿನಿಂದ ಬಂದು
ಸಾಲಿನಲ್ಲಿ ನಿಲ್ಲುತ್ತದೆ, ಮಕ್ಕಳಿಗಿಂತ ಶಿಸ್ತಾಗಿ.

ನೀಲಿ ಚಾಪೆ ಎಂಟು. ಒಂದರ ಹೊಲಿಗೆ ಬಿಟ್ಟಿದೆ.
ಇಪ್ಪತ್ತಾರು ಜೊತೆ ಬರಿಗಾಲು ತಣ್ಣನೆ ಹಲಗೆಯ ಮೇಲೆ
ಕುಣಿಯುತ್ತಿವೆ, ಕಾದ ಕಾವಲಿ ತುಳಿದ ಹಾಗೆ.

ಮೊದಲು ಕೊರಡು: ಕೈ ತಲೆಯಾಚೆ ಚಾಚಿ ಉರುಳುವುದು.
ಆಮೇಲೆ ಮೊಟ್ಟೆ: ಮೊಣಕಾಲು ತಬ್ಬಿ ಹೊರಳುವುದು.
ಇವೆರಡೂ ಸಲೀಸು. ಮೇಸಿ ಕೊರಡಾಗಿ ಹೊರಟವಳು
ಅರ್ಧ ದಾರಿಗೇ ಸೊಟ್ಟಗೆ ತಿರುಗಿ
ಡೆನ್ಜಿಲ್‌ನ ಚಾಪೆಗೆ ಹೋಗಿ, ಅವನನ್ನೂ ಕೂಡಿಸಿಕೊಂಡು
ಪಿಯಾನೋ ಕಾಲಿಗೆ ಬಡಿದು ನಿಂತಳು.
"ಮಿಸ್, ಇದು ಎರಡು ಕೊರಡು."

ಕಷ್ಟವಿರುವುದು ಮುಂಲಾಗದಲ್ಲಿ.

ನನಗೆ ಮಾಡಿ ತೋರಿಸಲಾಗದು. ಜನವರಿಯಲ್ಲಿ
ಇದೇ ಗೇಟಿನ ಮುಂದೆ, ಕಣ್ಣಿಗೆ ಕಾಣದ ಮಂಜುಗಡ್ಡೆಯ ಮೇಲೆ,
ಹದಿನೇಳು ವರ್ಷ ಬೀಳುವುದನ್ನು ಕಲಿಸಿದ ನಾನು
ಬಲಗೈಯನ್ನು ಕೋಲಿನ ಹಾಗೆ ಚಾಚಿ ಬಿದ್ದೆ.
ಮಣಿಕಟ್ಟಿನೊಳಗೆ ಈಗ ಒಂದು ಲೋಹದ ಪಟ್ಟಿ, ಆರು ಸ್ಕ್ರೂ.
ಮೀಸೆ ಇಲ್ಲದ್ದರಿಂದ ಮಣ್ಣಾಗಲಿಲ್ಲ, ಅಷ್ಟೇ ಸಮಾಧಾನ.

ಹಾಗಾಗಿ ಬರೀ ಮಾತಿನಲ್ಲಿ ಲಾಗ ಹಾಕಿಸಬೇಕು.
ಬಾಯಿ ಇಂಗ್ಲಿಷಿನಲ್ಲಿ ಹೇಳುತ್ತದೆ,
ಒಳಗೆ ಅದು ಕನ್ನಡದಲ್ಲಿ ಒಮ್ಮೆ ಉರುಳಿ ಬಂದಿರುತ್ತದೆ:
ಕುಕ್ಕರಗಾಲಲ್ಲಿ ಕೂರು. ಬೆರಳು ಬಿಡಿಸು. ಅಂಗೈ ಊರು.
ಊರು ಅಂದರೆ ಊರೂ ಹೌದು, ಅದನ್ನು ಇಲ್ಲಿ ಯಾರಿಗೆ ಹೇಳಲಿ.
ಗದ್ದ ಎದೆಗೆ ಒತ್ತು, ಸಂದಿಯಲ್ಲಿ ಪೆನ್ಸಿಲ್ ಹಿಡಿದ ಹಾಗೆ.
ಸೊಂಟ ಎತ್ತು. ಇನ್ನೂ. ಇನ್ನೂ.
ಈಗ ಕಾಲಿನ ಭಾರ ಕೈಗೆ ಬಂತು, ಅಲ್ಲವೇ?
ಕೈಯಿಂದ ಹೆಗಲಿಗೆ, ಹೆಗಲಿಂದ ಬೆನ್ನಿಗೆ,
ಬೆನ್ನು ಗಾಲಿಯಾಗಿ ತಿರುಗಿ ಮತ್ತೆ ಪಾದಕ್ಕೆ.
ತಲೆಗೆ ಮಾತ್ರ ಭಾರ ಕೊಡಬೇಡ.
ತಲೆ ಸುಮ್ಮನೆ ಜೊತೆಗೆ ಬರುವ ಸಾಮಾನು.

ದೇವರ ಮೇಲೆ ಭಾರ ಹಾಕು ಎನ್ನುತ್ತಿದ್ದಳು
ದಾವಣಗೆರೆಯ ಚಿಕ್ಕಮ್ಮ, ಸಿಲಿಂಡರ್ ಬರದಿದ್ದರೂ,
ನಾನು ಗಣಿತದಲ್ಲಿ ಫೇಲಾದರೂ.
ಹೇಗೆ ಹಾಕುವುದು, ಯಾವ ಕೈ ಮೊದಲು,
ಸೊಂಟ ಎಷ್ಟೆತ್ತರ, ಅದನ್ನು ಹೇಳಲಿಲ್ಲ.

ರೋಕಾಸ್ ಲಿಥುವೇನಿಯಾದಿಂದ ಬಂದು ಮೂರು ವಾರ.
ಅವನಿಗೆ ನನ್ನ ಇಂಗ್ಲಿಷೂ ಒಂದೇ, ಬಂದರಿನ ಗಾಳಿಯೂ ಒಂದೇ.
ಕೈ ಊರಿದ್ದಾನೆ, ಆದರೆ ಭಾರವೆಲ್ಲ ಹಿಮ್ಮಡಿಯಲ್ಲೇ
ಬೀಗ ಹಾಕಿಟ್ಟುಕೊಂಡಿದ್ದಾನೆ.
ತಿಪ್ಪರಲಾಗ ಹಾಕಿದರೂ ನನ್ನ ಮಾತು ಅವನಿಗೆ ದಾಟದು,
ಮತ್ತು ನನಗೆ ತಿಪ್ಪರಲಾಗ ಹಾಕಲಾಗದು.

ಎದುರು ಮಂಡಿಯೂರಿದೆ. ಎಡಗೈ ಮುಷ್ಟಿ ಕಟ್ಟಿ
ಚಾಪೆಯ ಮೇಲೆ ಮಗುವಿನ ಹಾಗೆ ಕೂರಿಸಿದೆ.
ಹೆಬ್ಬೆರಳು ಒಳಕ್ಕೆ ಮಡಚಿದೆ: ಇದು ಗದ್ದ.
ಗೆಣ್ಣಿನ ಮೇಲೆ ಬಗ್ಗಿಸಿ, ಹಿಂಗೈ ಮೇಲೆ ಹೊರಳಿಸಿ,
ನಿಧಾನ, ಮಣಿಕಟ್ಟಿನ ತನಕ.

ನೋಡಿದ. ತನ್ನ ಮುಷ್ಟಿ ಕಟ್ಟಿದ. ಉರುಳಿಸಿದ.
ನನ್ನ ಬಲಗೈಯ ಹೊಲಿಗೆಯ ಗೆರೆಯನ್ನು
ಒಂದೇ ಬೆರಳಲ್ಲಿ ಮುಟ್ಟಿ ತಲೆಯಾಡಿಸಿದ,
ಅರ್ಥವಾಯಿತು ಎಂದೋ, ಅಯ್ಯೋ ಎಂದೋ.

ಆಮೇಲೆ ಸೊಂಟ ಎತ್ತಿದ.
ಕಾಲಲ್ಲೂ ಇಲ್ಲ, ಕೈಯಲ್ಲೂ ಪೂರ್ತಿ ಇಲ್ಲ,
ಒಂದು ಗಳಿಗೆ ಆ ಭಾರ ಯಾರದೂ ಅಲ್ಲ.
ಹೋದ. ಸೊಟ್ಟಗೆ ಹೋದ. ಎಡ ಹೆಗಲ ಮೇಲೆ ಜಾರಿ
ಹೊಲಿಗೆ ಬಿಟ್ಟ ಚಾಪೆಯ ಮೇಲೆ ದೊಪ್ಪನೆ ಕೂತು
ಎಲ್ಲಿಗೆ ಬಂದೆನೆಂದು ಸುತ್ತ ನೋಡಿದ.
ತನ್ನ ಭಾಷೆಯಲ್ಲಿ ಏನೋ ಕೂಗಿದ.
ಮೇಸಿ ಅದನ್ನೇ ತಿರುಗಿ ಕೂಗಿದಳು, ತಪ್ಪಾಗಿ.
ಎಲ್ಲರೂ ಕೂಗಿದರು, ಇನ್ನೂ ತಪ್ಪಾಗಿ.

ಹನ್ನೊಂದೂಕಾಲು. ಹಾಲ್ ಖಾಲಿ.
ಬಾಗಿಲ ಕಡೆ ಒಮ್ಮೆ ನೋಡಿ
ಕೊರಡಾಗಿ ಮಲಗಿದೆ, ಕೈ ಎದೆಗೆ ಕಟ್ಟಿ.
ಒಂದು ಸುತ್ತು. ಸೂರು, ನೀಲಿ, ಮತ್ತೆ ಸೂರು.
ಮಣಿಕಟ್ಟು ಗೊಣಗಿತು, ಸುಮ್ಮನಾಯಿತು. ಇನ್ನೊಂದು ಸುತ್ತು.

ಕಣ್ಣೆದುರು ಬಿಳಿ ಬೂಟು, ಮೇಲೆ ಏಪ್ರನ್, ಅದರ ಮೇಲೆ
ಅಡುಗೆಮನೆಯ ಗ್ಲೆನಿಸ್, ಕೈಯಲ್ಲಿ ಫೋರ್ಕಿನ ಬುಟ್ಟಿ.
"ಮುಗೀತಾ? ಮೇಜು ಹಾಕಬೇಕು," ಎಂದಳು.
ಬುಟ್ಟಿ ಕೆಳಗಿಟ್ಟು
ಚಾಪೆಯ ಇನ್ನೊಂದು ತುದಿ ಹಿಡಿದಳು.